ಬ್ಯಾಟರಿ ಹೊಸತು, ಆಲ್ಟರ್ನೇಟರ್ ಹೊಸತು. ಕೆಂಪು ದೀಪ ಮಾತ್ರ ಆರುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಹಿಡಿದರೆ ಸಾಕು, ಕರಾವಳಿಯ ಗ್ಯಾರೇಜುಗಳಿಗೆ ಒಂದು ದೂರು ತಪ್ಪದೆ ಬರುತ್ತದೆ. ಬ್ಯಾಟರಿ ಬದಲಿಸಿ ಆಯಿತು, ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಬದಲಿಸಿ ಆಯಿತು, ಕೆಲವರದ್ದು ಬೆಲ್ಟೂ ಹೊಸತು. ಆದರೂ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಉರಿಯುತ್ತಲೇ ಇರುತ್ತದೆ, ಇಲ್ಲವೇ ನಾಲ್ಕು ದಿನ ಸುಮ್ಮನಿದ್ದು ಒಂದು ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಗಾಡಿಯವರು ಪಾರ್ಟ್ ಮಾರಿದವರನ್ನು ಬೈಯುತ್ತಾರೆ, ಅಂಗಡಿಯವರು ಫಿಟ್ ಮಾಡಿದವರ ಕಡೆ ಕೈ ತೋರಿಸುತ್ತಾರೆ, ಮೆಕ್ಯಾನಿಕ್ ‘ಪೀಸ್ ಸರಿ ಇಲ್ಲ’ ಎಂದು ಇನ್ನೊಂದನ್ನು ತರಿಸುತ್ತಾರೆ. ಹೊಸ ಪೀಸೇ ಕೆಟ್ಟಿರುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಎರಡೂ ಕಡೆ ಹೊಸತು ಕೂರಿಸಿದ ಮೇಲೂ ದೋಷ ಅಲ್ಲೇ ಉಳಿದಿದ್ದರೆ ಮೊದಲು ನೋಡಬೇಕಾದ್ದು ಅವುಗಳ ನಡುವಿನ ವೈರು, ಲಗ್ (ವೈರಿನ ತುದಿಯ ಲೋಹದ ಬಳೆ), ಫ್ಯೂಸ್ ಮತ್ತು ಅರ್ಥ್ (ಕರೆಂಟ್ ಬ್ಯಾಟರಿ ಮೈನಸ್ಸಿಗೆ ಮರಳುವ ದಾರಿ). ಫುಟ್‌ವಾಲ್ವಿನಲ್ಲಿ ಸೊಪ್ಪು ಸಿಕ್ಕಿಕೊಂಡಿರುವಾಗ ತೋಟದ ಪಂಪಿನ ಮೋಟಾರು ಬದಲಿಸಿದರೆ ನೀರು ಬರುತ್ತದೆಯೇ?

ಇದಕ್ಕೆ ದೊಡ್ಡ ಸ್ಕ್ಯಾನರ್ ಬೇಡ. ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಅದನ್ನು ಎಲ್ಲಿಂದ ಎಲ್ಲಿಗೆ ಹಿಡಿಯಬೇಕೆಂದು ತಿಳಿದಿರಬೇಕು, ಅಷ್ಟೆ.

ಅದಕ್ಕೂ ಮೊದಲು ಒಂದು ಕೆಟ್ಟ ಅಭ್ಯಾಸದ ವಿಷಯ ಹೇಳಲೇಬೇಕು. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಬಿಚ್ಚಿ, ಇಂಜಿನ್ ನಿಲ್ಲದಿದ್ದರೆ ‘ಡೈನಮೋ (ಆಲ್ಟರ್ನೇಟರ್) ಓಕೆ’ ಎನ್ನುವ ಪರೀಕ್ಷೆ ಈಗಲೂ ನಡೆಯುತ್ತಿದೆ. ನಿಜವಾದ ಡೈನಮೋ ಇದ್ದ ಕಾಲದಲ್ಲಿ, ಗಾಡಿಯಲ್ಲಿ ಒಂದೇ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇಲ್ಲದ ಕಾಲದಲ್ಲಿ ಅದು ನಡೆದುಹೋಯಿತು. ಈಗಿನ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿ ಕಳಚಿದರೆ, ಅದರೊಳಗೆ ತಿರುಗುವ ರೋಟರಿನ ಕಾಂತಶಕ್ತಿ ಇಳಿಯುವ ಆ ಒಂದು ಕ್ಷಣದಲ್ಲಿ ವೋಲ್ಟೇಜ್ ಹಲವು ಪಟ್ಟು ಏರುತ್ತದೆ. ತಡೆಯುವ ವ್ಯವಸ್ಥೆ ಇಲ್ಲದಿದ್ದರೆ 12 ವೋಲ್ಟಿನ ಗಾಡಿಯಲ್ಲಿ ಅದು 100 ವೋಲ್ಟನ್ನೂ ಮೀರಬಹುದು. ಹೊಸ ರೆಗ್ಯುಲೇಟರ್ (ವೋಲ್ಟೇಜನ್ನು ಹತೋಟಿಯಲ್ಲಿಡುವ ಭಾಗ), ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ಇಸಿಎಂ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಮೀಟರ್ ಬೋರ್ಡ್ ಯಾವುದು ಬೇಕಾದರೂ ಅಲ್ಲೇ ಹೋಗುತ್ತದೆ. ನಿಮ್ಮ ಕಣ್ಣೆದುರು ಯಾರಾದರೂ ಹಾಗೆ ಮಾಡಲು ಹೊರಟರೆ ದಾಕ್ಷಿಣ್ಯ ಬಿಟ್ಟು ತಡೆಯಿರಿ.

ಪರೀಕ್ಷೆ ಬ್ಯಾಟರಿಯಿಂದಲೇ ಆರಂಭವಾಗಬೇಕು, ಅದು ನಿನ್ನೆ ಕೊಂಡದ್ದಾದರೂ ಸರಿ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಬ್ಯಾಟರಿ ಪೂರ್ತಿ ತುಂಬಿರಬೇಕೆಂದಿಲ್ಲ. ಗಾಡಿ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ನೋಡಿದಾಗ 12.6 ವೋಲ್ಟ್ ಅಥವಾ ಸ್ವಲ್ಪ ಹೆಚ್ಚಿದ್ದರೆ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಆಗತಾನೇ ಓಡಿ ಬಂದ ಗಾಡಿಯಲ್ಲಿ ಮೇಲ್ಮೇಲಿನ ಚಾರ್ಜ್ ಸುಳ್ಳು ಹೇಳುತ್ತದೆ. ಎರಡು ನಿಮಿಷ ಹೆಡ್‌ಲೈಟ್ ಉರಿಸಿ, ಆರಿಸಿ, ಸ್ವಲ್ಪ ತಡೆದು ನೋಡಬೇಕು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯಬಾರದು. ಚಳಿಯೇ ಇಲ್ಲದ ನಮ್ಮ ಊರಿನಲ್ಲಿ ಒಳ್ಳೆಯ ಬ್ಯಾಟರಿ ಹತ್ತರ ಮೇಲೇ ನಿಲ್ಲಬೇಕು. ಖಾಲಿ ಬ್ಯಾಟರಿಯ ಮೇಲೆ ಹೊಸ ಆಲ್ಟರ್ನೇಟರ್ ಕೂರಿಸಿ ‘ಒಂದು ರೌಂಡ್ ಹೋಗಿ ಬನ್ನಿ, ಚಾರ್ಜ್ ಆಗುತ್ತದೆ’ ಎನ್ನುವುದೂ ತಪ್ಪು. ಆಲ್ಟರ್ನೇಟರ್ ಇರುವುದು ಖರ್ಚಾದದ್ದನ್ನು ತುಂಬಿಕೊಡಲು; ಪೂರ್ತಿ ಸತ್ತ ಬ್ಯಾಟರಿಯನ್ನು ಎಬ್ಬಿಸಲು ಅದನ್ನು ದುಡಿಸಿದರೆ ಗಂಟೆಗಟ್ಟಲೆ ಪೂರ್ಣ ಲೋಡಿನಲ್ಲಿ ಓಡಿ ಸುಟ್ಟುಹೋಗಬಹುದು. 45 ಎಎಚ್‌ನ (ಆಂಪಿಯರ್ ಅವರ್, ಅಂದರೆ ಬ್ಯಾಟರಿ ಎಷ್ಟು ಹಿಡಿಯುತ್ತದೆಂಬ ಅಳತೆ) ಬ್ಯಾಟರಿಯನ್ನು ಹೊರಗಿನ ಚಾರ್ಜರಿಗೆ 4.5 ಆಂಪಿಯರ್‌ನಲ್ಲಿ 10ರಿಂದ 12 ಗಂಟೆ ಇಟ್ಟು, ಆಮೇಲೆ ಗಾಡಿಗೆ ಕೊಡಬೇಕು.

ಮುಂದೆ, ಇಂಜಿನ್ ಆಫ್ ಇರುವಾಗಲೇ ಆಲ್ಟರ್ನೇಟರಿನ ಹಿಂದಿನ ದಪ್ಪ ಬಿ ಪ್ಲಸ್ ಬೋಲ್ಟಿಗೆ (ಕರೆಂಟ್ ಬ್ಯಾಟರಿಗೆ ಹೊರಡುವ ತುದಿ) ಮೀಟರಿನ ಕೆಂಪು ಕಡ್ಡಿ, ಬ್ಯಾಟರಿ ಮೈನಸ್ಸಿಗೆ ಕಪ್ಪು ಕಡ್ಡಿ ಹಿಡಿಯಿರಿ. ಬ್ಯಾಟರಿಯಲ್ಲಿರುವಷ್ಟೇ ವೋಲ್ಟ್ ಅಲ್ಲೂ ಬರಬೇಕು. ಸೊನ್ನೆ ಬಂದರೆ ಹೆಚ್ಚಾಗಿ ಮೈನ್ ಫ್ಯೂಸ್ ಹೋಗಿರುತ್ತದೆ. ಎಷ್ಟು ಆಲ್ಟರ್ನೇಟರ್ ಬದಲಿಸಿದರೂ ಚಾರ್ಜ್ ಬ್ಯಾಟರಿಗೆ ತಲುಪುವುದಿಲ್ಲ. ಸಾಮಾನ್ಯವಾಗಿ 80ರಿಂದ 120 ಆಂಪಿಯರಿನ, ಬೋಲ್ಟ್ ಹಾಕಿ ಕೂರಿಸುವ ಫ್ಯೂಸ್ ಅದು. ಬ್ಯಾಟರಿ ಹಾಕುವಾಗ ಪ್ಲಸ್ ಮೈನಸ್ ಒಂದು ಕ್ಷಣ ಅದಲುಬದಲಾಗಿ ತಾಗಿದರೂ, ಟರ್ಮಿನಲ್ ಕಳಚದೆ ಬಿ ಪ್ಲಸ್ ನಟ್ ಬಿಚ್ಚುವಾಗ ಸ್ಪ್ಯಾನರ್ ಗಾಡಿಯ ಬಾಡಿಯ ಲೋಹಕ್ಕೆ ತಗುಲಿದರೂ ಇದು ಹಾರಬಹುದು. ಕಣ್ಣಿಗೆ ಸರಿ ಇರುವಂತೆ ಕಂಡು ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರುವುದೂ ಉಂಟು, ಹಾಗಾಗಿ ನೋಡಿದರೆ ಸಾಲದು, ಅಳೆಯಬೇಕು.

ಇಂಜಿನ್ ಚಾಲೂ ಮಾಡಿದ ಮೇಲೆ ಬ್ಯಾಟರಿಯ ಎರಡು ತುದಿಗಳಲ್ಲಿ 13.8ರಿಂದ 14.5 ಬರಬೇಕು. ಇಂಜಿನ್ ಚೆನ್ನಾಗಿ ಕಾದಿದ್ದರೆ 13.5ಕ್ಕೆ ಇಳಿಯುವುದು ಸಹಜ. 15 ದಾಟಿದರೆ ಓವರ್‌ಚಾರ್ಜ್. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ: ‘14.2 ಇದೆ, ಎಲ್ಲ ಸರಿ.’ ಲೋಡ್ ಇಲ್ಲದೆ ತೆಗೆದ ಅಂಕಿಗೆ ಅರ್ಧ ಬೆಲೆ ಮಾತ್ರ. ಹೈ ಬೀಮ್, ಬ್ಲೋವರ್ ಪೂರ್ತಿ, ವೈಪರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲವನ್ನೂ ಹಾಕಿ, ಇಂಜಿನನ್ನು ನಿಮಿಷಕ್ಕೆ 2000 ಸುತ್ತಿನಲ್ಲಿ ನಿಲ್ಲಿಸಿ ನೋಡಿ. 13.5ರ ಮೇಲೆ ನಿಂತರೆ ಸರಿ. 12.8ಕ್ಕೆ ಜಾರಿದರೆ ಮುಂದಿನ ಕೆಲಸ ಉಂಟು.

ಆ ಮುಂದಿನ ಕೆಲಸವೇ ವೋಲ್ಟೇಜ್ ಡ್ರಾಪ್ ಪರೀಕ್ಷೆ, ಅಂದರೆ ಕರೆಂಟ್ ಹರಿಯುವಾಗ ವೈರಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ನಷ್ಟವಾಗುತ್ತದೆಂದು ಅಳೆಯುವುದು. ಪಾರ್ಟ್ ಬದಲಿಸಿಯೂ ಸರಿಯಾಗದ ಗಾಡಿಗೆ ಇದಕ್ಕಿಂತ ಉಪಯುಕ್ತ ಪರೀಕ್ಷೆ ಬೇರೊಂದಿಲ್ಲ. ನಮ್ಮಲ್ಲಿ ಅತಿ ಕಡಿಮೆ ಮಾಡುವುದೂ ಇದನ್ನೇ. ಉದಾಹರಣೆಗೆ, ಎಲ್ಲ ಲೋಡ್ ಹಾಕಿದಾಗ ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿನಿಂದ ಅದರದೇ ಲೋಹದ ಬಾಡಿಯವರೆಗೆ 14.3 ಇದೆ, ಬ್ಯಾಟರಿಯ ಎರಡು ತುದಿಗಳಲ್ಲಿ 13.0 ಮಾತ್ರ ಇದೆ ಎಂದಿಟ್ಟುಕೊಳ್ಳಿ. ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ, 1.3 ವೋಲ್ಟ್ ದಾರಿಯಲ್ಲಿ ಸೋರಿದೆ. ಎಲ್ಲಿ? ಕೆಂಪು ಕಡ್ಡಿ ಬಿ ಪ್ಲಸ್ ಬೋಲ್ಟಿಗೆ, ಕಪ್ಪು ಕಡ್ಡಿ ಬ್ಯಾಟರಿಯ ಪ್ಲಸ್ ತುದಿಗೆ. 0.25 ಬಂತು, 0.3ರ ಒಳಗಿದೆ, ಪರವಾಗಿಲ್ಲ. ಇನ್ನು ಬ್ಯಾಟರಿಯ ಮೈನಸ್ ತುದಿಯಿಂದ ಆಲ್ಟರ್ನೇಟರ್ ಬಾಡಿಗೆ. 0.2ರ ಒಳಗಿರಬೇಕಾದಲ್ಲಿ 1.05 ಬಂತು. ದೋಷ ಅರ್ಥ್ ಕಡೆ ಉಂಟೆಂದು ಖಚಿತವಾಯಿತು. ಈಗ ತುಂಡು ತುಂಡಾಗಿ ನೋಡುತ್ತ ಹೋಗಿ. ಬ್ಯಾಟರಿ ತುದಿಯಿಂದ ಚಾಸಿಯ (ಗಾಡಿಯ ಲೋಹದ ಚೌಕಟ್ಟಿನ) ಅರ್ಥ್ ಬೋಲ್ಟಿಗೆ 0.05. ಚಾಸಿಯಿಂದ ಇಂಜಿನ್ ಬ್ಲಾಕಿಗೆ 0.95. ಬ್ಲಾಕಿನಿಂದ ಆಲ್ಟರ್ನೇಟರ್ ಬಾಡಿಗೆ 0.05. ಕಳ್ಳ ಸಿಕ್ಕಿಬಿದ್ದ: ಇಂಜಿನ್ನಿಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿ.

ಅದೇ ಪಟ್ಟಿಯನ್ನು ಮೀಟರಿನ ಬೀಪ್ ರೇಂಜಿನಲ್ಲಿ (ದಾರಿ ತುಂಡಾಗಿರದಿದ್ದರೆ ಸದ್ದು ಮಾಡುವ ರೇಂಜ್) ನೋಡಿದ್ದರೆ ‘ಬೀಪ್’ ಎಂದು ಪಾಸಾಗುತ್ತಿತ್ತು. 40 ಆಂಪಿಯರ್ ಹರಿಯುವಾಗ 0.95 ವೋಲ್ಟ್ ಬೀಳಬೇಕಾದರೆ ಅಲ್ಲಿರುವ ರೆಸಿಸ್ಟೆನ್ಸ್ ಸುಮಾರು 0.024 ಓಮ್ ಮಾತ್ರ. ಸಾಮಾನ್ಯ ಮೀಟರ್ 0.1 ಓಮ್‌ಗಿಂತ ಕಡಿಮೆಯದನ್ನು ಗುರುತಿಸುವುದೇ ಇಲ್ಲ. ಕರೆಂಟ್ ಉಂಟೇ ಎಂದು ನೋಡುವ ಟೆಸ್ಟ್ ಲ್ಯಾಂಪೂ ಚೆನ್ನಾಗಿಯೇ ಉರಿಯುತ್ತದೆ, ಏಕೆಂದರೆ ಅದು ಎಳೆಯುವ ಕರೆಂಟ್ ತೀರ ಕಡಿಮೆ. ಆದರೆ ಅದೇ ಜಾಗದಲ್ಲಿ 38 ವ್ಯಾಟ್ ಶಾಖ ಹುಟ್ಟುತ್ತದೆ. ಇಂಜಿನ್ ಕಾಯುವ ಮೊದಲೇ ಆ ಲಗ್ ಮಾತ್ರ ಬಿಸಿಯಾಗಿರುವುದು ಕೈಗೆ ಗೊತ್ತಾಗುತ್ತದೆ. ಸೆಲ್ಫ್ ಮೋಟಾರಿನ ಕರೆಂಟೂ ಇದೇ ಪಟ್ಟಿಯ ಮೂಲಕವೇ ಮರಳುವುದರಿಂದ ಸೆಲ್ಫ್ ನಿಧಾನ ತಿರುಗಿ, ಎಲ್ಲರೂ ಬ್ಯಾಟರಿಯನ್ನೇ ದೂರುತ್ತಾರೆ. ಪಟ್ಟಿ ಪೂರ್ತಿ ಹೋಗಿದ್ದರೆ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ದಾರಿ ಮಾಡಿಕೊಳ್ಳುತ್ತದೆ. ಕೇಬಲ್ ಬಿಸಿಯಾಗುತ್ತಿದೆ ಅಥವಾ ಪದೇ ಪದೇ ಬಿಗಿಯಾಗುತ್ತಿದೆ ಎಂಬ ದೂರಿನ ಜೊತೆ ಚಾರ್ಜಿಂಗ್ ದೂರೂ ಇದ್ದರೆ ಬೇರೇನೂ ಯೋಚಿಸುವುದು ಬೇಡ. ಜಂಪರ್ ಕೇಬಲೊಂದನ್ನು ಬ್ಯಾಟರಿ ಮೈನಸ್ಸಿನಿಂದ ನೇರ ಇಂಜಿನ್ ಬ್ಲಾಕಿಗೆ ಕಚ್ಚಿಸಿ ನೋಡಿದರೆ ಎರಡೇ ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಈ ದೋಷ ನಮ್ಮ ಕಡೆ ಹೆಚ್ಚಿರಲು ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಉಳ್ಳಾಲ, ಪಣಂಬೂರು, ಮಲ್ಪೆ ಕಡೆಯ ಗಾಳಿಯಲ್ಲೇ ಉಪ್ಪು. ಮರವಂತೆಯಲ್ಲಂತೂ ಹೆದ್ದಾರಿಯ ಪಕ್ಕದಲ್ಲೇ ಕಡಲು. ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಿಂದೆ ಬರುವ ಗಾಡಿಗಳ ಅಡಿಗೆಲ್ಲ ಎರಚುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಮಳೆ, ಮೇಲಿಂದ ಪ್ರೆಶರ್ ವಾಶ್. ತಾಮ್ರಕ್ಕೆ ಕಿಲುಬು ಹಿಡಿಯಲು ಇನ್ನೇನು ಬೇಕು? ಹೊರಗೆ ಕಾಣುವ ಹಸಿರು ಪುಡಿ ಉಜ್ಜಿ ಬಿಸಿನೀರು ಹೊಯ್ದರೆ ಕೆಲಸ ಮುಗಿಯಲಿಲ್ಲ. ಲಗ್ಗಿನ ಬಳಿ ಕೇಬಲನ್ನು ಬಗ್ಗಿಸಿ ನೋಡಿ. ಒಳ್ಳೆಯ ಕೇಬಲ್ ಮೆತ್ತಗೆ ಬಾಗುತ್ತದೆ. ಒಳಗೆ ಕೊಳೆತದ್ದು ಕಡ್ಡಿಯಂತೆ ಸೆಟೆದಿರುತ್ತದೆ, ಬಗ್ಗಿಸಿದಾಗ ಸಣ್ಣಗೆ ಕರಕರ ಎನ್ನುತ್ತದೆ. ಎರಡು ಇಂಚು ಹಿಂದೆ ಪ್ಲಾಸ್ಟಿಕ್ ಸೀಳಿದರೆ ಎಳೆಗಳು ಕೆಂಪಗಿರದೆ ಕಪ್ಪಗೆ, ನಡುನಡುವೆ ಹಸಿರಾಗಿ, ಉಗುರು ತಾಗಿಸಿದರೆ ಪುಡಿಯಾಗುವಂತಿರುತ್ತವೆ. ಅಂಥ ಕೇಬಲಿಗೆ ಹೊಸ ಲಗ್ ಒತ್ತಿ ಪ್ರಯೋಜನವಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು, ಉದ್ದ ಸಾಲದಿದ್ದರೆ ಅದೇ ದಪ್ಪದ ಅಥವಾ ಹೆಚ್ಚು ದಪ್ಪದ ಹೊಸ ಕೇಬಲ್ ಹಾಕಬೇಕು. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟ್, ತುಕ್ಕು ಹೋಗಿ ಬಿಳಿ ಲೋಹ ಕಾಣುವವರೆಗೆ ಎಮರಿ ಪೇಪರಿನಿಂದ ಉಜ್ಜಿ, ಬಿಗಿ ಮಾಡಿದ ನಂತರ ಮೇಲಿಂದ ವ್ಯಾಸಲಿನ್ ಅಥವಾ ಗ್ರೀಸ್. ಗ್ರೀಸ್ ಮೊದಲು ಬಳಿದು ಮೇಲೆ ಲಗ್ ಕೂರಿಸುವುದಲ್ಲ.

ನಮ್ಮವರೇ ಮಾಡುವ ಇನ್ನೊಂದು ಹಾನಿ ಇದೆ. ಟೆಸ್ಟ್ ಲ್ಯಾಂಪಿನ ಮೊನೆಯನ್ನು ವೈರಿನ ಪ್ಲಾಸ್ಟಿಕ್ಕಿಗೆ ಚುಚ್ಚಿ ಕರೆಂಟ್ ನೋಡಿ ಹಾಗೆಯೇ ಬಿಟ್ಟುಬಿಡುತ್ತಾರೆ. ಆ ತೂತಿನಿಂದ ಉಪ್ಪುನೀರು ಒಳಗಿಳಿದು, ಮುಂದಿನ ಮಳೆಗಾಲದ ಆಟಿ ತಿಂಗಳ ಹೊತ್ತಿಗೆ ವೈರು ಒಳಗೊಳಗೇ ತುಂಡಾಗಿರುತ್ತದೆ. ಕಪ್ಲರಿನ (ವೈರು ಜೋಡಿಸುವ ಪ್ಲಗ್ಗಿನ) ಹಿಂಬದಿಯಿಂದ ತೆಳು ಪಿನ್ ಇಳಿಸಿ ನೋಡಿ, ಇಲ್ಲವೇ ಚುಚ್ಚಿದ ಜಾಗವನ್ನು ಮುಚ್ಚಿ.

ಹೊಸ ಆಲ್ಟರ್ನೇಟರ್ ಹಾಕುವಾಗಲೇ ಆಗುವ ತಪ್ಪುಗಳೂ ಕಡಿಮೆಯಲ್ಲ. ಬಿ ಪ್ಲಸ್ ನಟ್ ಪೂರ್ತಿ ಬಿಗಿಯಾಗದೆ ಕಿಡಿ ಹಾರಿ ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ. ಕಪ್ಲರ್ ‘ಟಿಕ್’ ಎಂದು ಕೂತಂತೆ ಕಂಡರೂ ಒಳಗಿನ ಒಂದು ಪಿನ್ ಹಿಂದಕ್ಕೆ ಸರಿದಿರುತ್ತದೆ. ರೀಬಿಲ್ಡ್ ಮಾಡಿದ (ಹಳೆಯದನ್ನೇ ರಿಪೇರಿ ಮಾಡಿ ಮಾರುವ) ಪೀಸಿನಲ್ಲಿ ಕಪ್ಲರ್ ಅದೇ ಆಕಾರದ್ದಾದರೂ ಒಳಗಿನ ರೆಗ್ಯುಲೇಟರ್ ಬೇರೆ ಮಾಡೆಲಿನದ್ದಾಗಿರಬಹುದು, ಆಂಪಿಯರ್ ಕಡಿಮೆಯದ್ದೂ ಆಗಿರಬಹುದು. ಹಳೆಯದನ್ನು ಅಂಗಡಿಗೆ ಕೊಡುವ ಮೊದಲು ಎರಡರ ಲೇಬಲ್ ಅಕ್ಕಪಕ್ಕ ಇಟ್ಟು ಓದಿ, ಪುಲ್ಲಿಯ ಗಾತ್ರವನ್ನೂ ಹೋಲಿಸಿ.

ಕೆಂಪು ದೀಪ ಬರೇ ಸೂಚನೆಗೆಂದು ಅನೇಕರ ಎಣಿಕೆ. ಹಳೆಯ ಮಾದರಿಯ ಗಾಡಿಗಳಲ್ಲಿ ರೋಟರಿಗೆ ಮೊದಲ ಕರೆಂಟ್ ಹೋಗುವುದು ಆ ಬಲ್ಬಿನ ಮೂಲಕವೇ. ಕೀ ಆನ್ ಮಾಡಿದಾಗ ದೀಪ ಉರಿಯಲೇಬೇಕು, ಇಂಜಿನ್ ಹಿಡಿದ ಮೇಲೆ ಆರಬೇಕು. ಬಲ್ಬ್ ಹೋಗಿದ್ದರೆ ಅಥವಾ ಅದರ ಜಾಗದಲ್ಲಿ ಎಲ್‌ಇಡಿ ಹಾಕಿದ್ದರೆ ಬೇಕಾದಷ್ಟು ಕರೆಂಟ್ ಹೋಗದೆ, ಜೋರಾಗಿ ರೇಸ್ ಕೊಡುವವರೆಗೆ ಚಾರ್ಜ್ ಆರಂಭವಾಗದೇ ಇರಬಹುದು. ಕೀ ಆನ್ ಇರುವಾಗ ಆಲ್ಟರ್ನೇಟರಿನ ಹಿಂದಿನ ಬೇರಿಂಗ್ ಬಳಿ ಸ್ಕ್ರೂಡ್ರೈವರ್ ಹಿಡಿದರೆ ಕಾಂತದ ಸೆಳೆತ ಕೈಗೆ ಗೊತ್ತಾಗಬೇಕು. ಸೆಳೆತ ಇಲ್ಲ, ದೀಪವೂ ಇಲ್ಲ ಎಂದಾದರೆ ದೀಪದ ವೈರನ್ನು ಕಪ್ಲರಿನಿಂದ ಬಿಡಿಸಿ ಗಾಡಿಯ ಬಾಡಿಯ ಲೋಹಕ್ಕೆ ತಾಗಿಸಿ. ದೀಪ ಉರಿದರೆ ವೈರು ಸರಿ, ದೋಷ ಆಲ್ಟರ್ನೇಟರಿನ ಒಳಗೆ. ಉರಿಯದಿದ್ದರೆ ಬಲ್ಬ್, ಫ್ಯೂಸ್ ಅಥವಾ ವೈರು. ಇಸಿಎಂನಿಂದ ನಿಯಂತ್ರಣವಾಗುವ ಹೊಸ ಗಾಡಿಗಳಲ್ಲಿ ಮಾತ್ರ ಈ ಪರೀಕ್ಷೆ ಖಂಡಿತ ಮಾಡಬಾರದು.

ಹೊಸ ಗಾಡಿಗಳದ್ದು ಬೇರೆಯೇ ಕಥೆ. ಇವುಗಳಲ್ಲಿ ಅನೇಕವು ಇಂಧನ ಉಳಿಸಲೆಂದು ಆಲ್ಟರ್ನೇಟರ್ ಕಡಿಮೆ ಚಾರ್ಜ್ ಮಾಡುವಂತೆ ಬೇಕೆಂದೇ ಬಿಡುತ್ತವೆ. ಸಮ ವೇಗದಲ್ಲಿ 12.7 ಇದ್ದು, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ 14.8ಕ್ಕೆ ಏರಬಹುದು. ಇದನ್ನು ತಿಳಿಯದೆ ಚೆನ್ನಾಗಿದ್ದ ಆಲ್ಟರ್ನೇಟರ್ ಕಿತ್ತುಹಾಕಿಸುವುದುಂಟು. ಹೆಡ್‌ಲೈಟ್, ಬ್ಲೋವರ್ ಹಾಕಿದ ಕೂಡಲೇ ವೋಲ್ಟೇಜ್ ಮೇಲೇರಿದರೆ ಅದು ದೋಷವಲ್ಲ. ಬ್ಯಾಟರಿಯ ಮೈನಸ್ ಕ್ಲ್ಯಾಂಪಿನಲ್ಲಿ ಪುಟ್ಟ ಸೆನ್ಸರ್ ಇದ್ದರೆ ಆಂಪ್ಲಿಫೈಯರ್, ಹಾರ್ನ್, ಫಾಗ್ ಲೈಟಿನ ಅರ್ಥನ್ನು ನೇರ ಬ್ಯಾಟರಿ ತುದಿಗೆ ಕೊಡಬಾರದು. ಆ ಕರೆಂಟ್ ಸೆನ್ಸರಿನ ಲೆಕ್ಕಕ್ಕೆ ಬರುವುದಿಲ್ಲ. ಚಾಸಿಗೆ ಕೊಡಿ. ಸ್ಟಾರ್ಟ್ ಸ್ಟಾಪ್ (ನಿಂತಲ್ಲಿ ಇಂಜಿನ್ ತಾನೇ ಆರಿ ಮತ್ತೆ ಹಿಡಿಯುವ ವ್ಯವಸ್ಥೆ) ಇರುವ ಗಾಡಿಗೆ ಇಎಫ್‌ಬಿ (ಪದೇ ಪದೇ ಸ್ಟಾರ್ಟ್ ತಾಳುವ ಬ್ಯಾಟರಿ) ಬದಲು ಸಾದಾ ಬ್ಯಾಟರಿ ಹಾಕಿದರೆ ಅದು ಬೇಗ ಸಾಯುತ್ತದೆ, ಅಪವಾದ ಆಲ್ಟರ್ನೇಟರಿಗೆ. ಕೆಲವು ಮಾಡೆಲಿನಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರಿನಲ್ಲಿ ನಮೂದಿಸಲೂ ಬೇಕು.

ಓವರ್‌ಚಾರ್ಜ್ ಆದಾಗಲೆಲ್ಲ ರೆಗ್ಯುಲೇಟರೇ ಕೆಟ್ಟಿರಬೇಕೆಂದಿಲ್ಲ. ಬ್ಯಾಟರಿಯ ವೋಲ್ಟೇಜನ್ನು ಪ್ರತ್ಯೇಕ ಸೆನ್ಸ್ ವೈರಿನಿಂದ ಓದುವ ಆಲ್ಟರ್ನೇಟರಿನಲ್ಲಿ ಆ ವೈರಿನ ಫ್ಯೂಸ್ ಅಥವಾ ಕಪ್ಲರಿನಲ್ಲಿ ಕಿಲುಬಿದ್ದರೆ, ರೆಗ್ಯುಲೇಟರಿಗೆ ವೋಲ್ಟೇಜ್ ಕಡಿಮೆ ಕಂಡು ಇನ್ನಷ್ಟು ಒತ್ತುತ್ತದೆ. ಬ್ಯಾಟರಿ ನೀರು ಕುದಿದು ಬತ್ತುತ್ತದೆ, ಬಲ್ಬುಗಳು ಒಂದರ ಹಿಂದೊಂದು ಹೋಗುತ್ತವೆ.

ಚಾರ್ಜಿಂಗ್ ಎಲ್ಲ ಸರಿ ಇದ್ದೂ ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆಂದರೆ ನಿಂತಲ್ಲೇ ಕರೆಂಟ್ ಸೋರುತ್ತಿದೆ. ಮೈನಸ್ ಕೇಬಲ್ ಕಳಚಿ, ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ನಡುವೆ ಸೇರಿಸಿ, ಬಾಗಿಲು ಮುಚ್ಚಿ 30–40 ನಿಮಿಷ ಕಾಯಿರಿ. 50 ಮಿಲಿ ಆಂಪಿಯರಿನೊಳಗೆ ಇಳಿಯಬೇಕು. ಮೀಟರ್ ಹೀಗೆ ಇರುವಾಗ ಸೆಲ್ಫ್ ಹೊಡೆಯಬೇಡಿ. ಆ 50 ಮಿಲಿ ಆಂಪಿಯರ್ ಕೂಡ ದಿನಕ್ಕೆ 1.2 ಎಎಚ್ ತಿನ್ನುತ್ತದೆ; ಗಲ್ಫಿಗೋ ಮುಂಬೈಗೋ ಹೋಗುವವರು 35 ಎಎಚ್ ಬ್ಯಾಟರಿಯ ಕಾರನ್ನು ಎರಡು ವಾರ ಸುಮ್ಮನೆ ನಿಲ್ಲಿಸಿದರೆ ಅರ್ಧ ಖಾಲಿ. ಜಿಪಿಎಸ್, ಡ್ಯಾಶ್ ಕ್ಯಾಮೆರಾ ಇದ್ದರೆ ಇನ್ನೂ ಬೇಗ. ರಾತ್ರಿಯಿಡೀ ನಿಂತ ಗಾಡಿಯ ಆಲ್ಟರ್ನೇಟರ್ ಬೆಳಿಗ್ಗೆ ಮುಟ್ಟಿದಾಗ ಉಗುರು ಬೆಚ್ಚಗಿದ್ದರೆ ಡಯೋಡ್ ಸೋರುತ್ತಿದೆ ಎಂದೇ ತಿಳಿಯಿರಿ. ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಮೀಟರಿನ ಏಸಿ (ಪರ್ಯಾಯ ವಿದ್ಯುತ್) ವೋಲ್ಟ್ ರೇಂಜಿನಲ್ಲಿ 0.1ರ ಒಳಗಿದ್ದರೆ ಡಯೋಡ್ ಸರಿ, 0.5 ದಾಟಿದರೆ ಕೆಟ್ಟಿದೆ. ಒಂದು ಎಚ್ಚರಿಕೆ: ಕೆಲವು ಅಗ್ಗದ ಮೀಟರುಗಳು ಏಸಿ ರೇಂಜಿನಲ್ಲಿ ಬ್ಯಾಟರಿಯ ಡೀಸಿಯನ್ನೂ (ನೇರ ವಿದ್ಯುತ್) ಅಂಕಿಯಾಗಿ ತೋರಿಸುತ್ತವೆ. ಇಂಜಿನ್ ಆಫ್ ಇದ್ದಾಗ ಸೊನ್ನೆ ತೋರಿಸದ ಮೀಟರನ್ನು ಈ ಕೆಲಸಕ್ಕೆ ನಂಬಬೇಡಿ.

ಬೈಕು, ಸ್ಕೂಟರುಗಳಲ್ಲಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್ ಮತ್ತು ಆರ್‌ಆರ್ ಯೂನಿಟ್ (ಏಸಿಯನ್ನು ಡೀಸಿ ಮಾಡಿ ವೋಲ್ಟೇಜ್ ಹತೋಟಿಯಲ್ಲಿಡುವ ಭಾಗ) ನಡುವಿನ ಕಪ್ಲರ್ ಕರಗಿದೆಯೇ ಎಂದು ಮೊದಲು ನೋಡಿ. ಮೂರು ವೈರಿನ ಕಾಯಿಲಾದರೆ ಎರಡೆರಡರ ನಡುವೆ ಏಸಿ ವೋಲ್ಟೇಜ್ ಸಮನಾಗಿ ಬರಬೇಕು, ಯಾವ ವೈರೂ ಬಾಡಿಗೆ ಶಾರ್ಟ್ ಇರಬಾರದು. ಸುಟ್ಟ ಕಪ್ಲರಿಗೆ ಹೊಸ ಆರ್‌ಆರ್ ಸಿಕ್ಕಿಸಿದರೆ ಅದೂ ಸುಡುತ್ತದೆ. ಬಸ್ಸುಗಳ 24 ವೋಲ್ಟಿನಲ್ಲಿ ಒಂದು ಬ್ಯಾಟರಿ ಹೊಸತು, ಇನ್ನೊಂದು ಹಳೆಯದು ಹಾಕುವುದು ಅಥವಾ ಹಾಡಿನ ಸೆಟ್ಟಿಗೆಂದು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವುದು ಬೇಡ. ಒಟ್ಟು 28 ಸರಿಯಾಗಿಯೇ ಕಾಣುತ್ತದೆ, ಬಿಡಿಯಾಗಿ ಅಳೆದರೆ ಒಂದರಲ್ಲಿ 13.2, ಇನ್ನೊಂದರಲ್ಲಿ 14.8. ಒಂದು ಹಸಿದು ಸಾಯುತ್ತದೆ, ಇನ್ನೊಂದು ಕುದಿದು.

ಇದೆಲ್ಲ ಬರೀ ದುಡ್ಡಿನ ಪ್ರಶ್ನೆಯೂ ಅಲ್ಲ. ರಾತ್ರಿ, ಮಳೆ, ಚಾರ್ಮಾಡಿ ಅಥವಾ ಆಗುಂಬೆ ಘಾಟಿ. ಹೆಡ್‌ಲೈಟ್, ವೈಪರ್, ಬ್ಲೋವರ್, ಇಂಧನ ಪಂಪ್, ಇಸಿಎಂ ಎಲ್ಲ ಸೇರಿ 30–35 ಆಂಪಿಯರ್ ಎಳೆಯುತ್ತವೆ. ಚಾರ್ಜ್ ನಿಂತರೆ 35 ಎಎಚ್ ಬ್ಯಾಟರಿ ಒಂದು ಗಂಟೆಯೂ ಬಾಳುವುದಿಲ್ಲ. ವೋಲ್ಟೇಜ್ ಇಳಿದಂತೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಮೊದಲೇ ಕೈಕೊಡಬಹುದು, ಅದೂ ತಿರುವಿನಲ್ಲಿ.

ಹಾಗಾದರೆ ಗ್ಯಾರೇಜುಗಳು ಏಕೆ ಅಳೆಯುವುದಿಲ್ಲ? ತಪ್ಪು ಒಂದೇ ಕಡೆಯದ್ದಲ್ಲ. ಅರ್ಧ ಗಂಟೆ ಮೀಟರ್ ಹಿಡಿದು, ಒಂದು ಬೋಲ್ಟ್ ಉಜ್ಜಿ ಬಿಗಿ ಮಾಡಿ ಐನೂರು ರೂಪಾಯಿ ಕೇಳಿದರೆ ‘ಏನೂ ಹಾಕಲಿಲ್ಲವಲ್ಲ ಮಾರಾಯ್ರೆ’ ಎನ್ನುವವರು ನಾವೇ. ಅದೇ ಎಂಟು ಸಾವಿರದ ಪಾರ್ಟ್ ಹಾಕಿದರೆ ಮರುಮಾತಿಲ್ಲದೆ ಕೊಡುತ್ತೇವೆ. ಪರೀಕ್ಷೆಗೂ ಕೂಲಿ ಉಂಟೆಂದು ಒಪ್ಪಿಕೊಳ್ಳದಿದ್ದರೆ ಪಾರ್ಟ್ ಬದಲಿಸುವುದು ನಿಲ್ಲುವುದಿಲ್ಲ. ಮಂಗಳೂರಿನ ಕದ್ರಿಯಲ್ಲಿ ಕೆಪಿಟಿ (ಸರಕಾರಿ ಪಾಲಿಟೆಕ್ನಿಕ್) ಉಂಟು, ಸರಕಾರಿ ಐಟಿಐ ಉಂಟು. ಮೇ ತಿಂಗಳಲ್ಲಿ ಸಣ್ಣ ಗ್ಯಾರೇಜಿನ ಹುಡುಗರಿಗೆ ವೋಲ್ಟೇಜ್ ಡ್ರಾಪ್ ಪರೀಕ್ಷೆಯದ್ದೇ ಒಂದು ದಿನದ ತರಬೇತಿ ಇಟ್ಟರೆ ಹೆಚ್ಚು ಖರ್ಚೇನೂ ಬರುವುದಿಲ್ಲ. ಗ್ಯಾರೇಜ್ ಸಂಘಗಳವರು ತಮ್ಮ ಬಿಲ್ಲಿನಲ್ಲಿ ನಾಲ್ಕು ಖಾನೆ ಅಚ್ಚು ಹಾಕಿಸಲಿ: ಇಂಜಿನ್ ಆಫ್ ಇರುವಾಗಿನ ವೋಲ್ಟ್, ಎಲ್ಲ ಲೋಡ್ ಹಾಕಿದಾಗಿನ ವೋಲ್ಟ್, ಪ್ಲಸ್ ಕಡೆಯ ಡ್ರಾಪ್, ಅರ್ಥ್ ಕಡೆಯ ಡ್ರಾಪ್. ಪಾರ್ಟ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ತುಂಬಿಸಲಿ. ಗಾಡಿಯವರು ಆ ಖಾನೆಗಳು ಖಾಲಿ ಇರುವ ಬಿಲ್ಲಿಗೆ ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಲಿ.

– ಆಟೋ ಎಲೆಕ್ಟ್ರಿಷಿಯನ್, ಕಟಪಾಡಿ, ಉಡುಪಿ